ಆಲ್ತಾರಿನ ಮರದ ಸಂತರು

ಮೆಲ್ಕಾರ್, ಪಾಣೆಮಂಗಳೂರು, ಮೊಡಂಕಾಪು ಪರಿಸರದ ಹಳೆಯ ಕ್ರೈಸ್ತ ಮನೆಗಳಲ್ಲಿ ಸಂಜೆಯ ತೇರ್ಸ ನಡೆಯುವುದು ಆಲ್ತಾರಿನ ಮುಂದೆ. ಗಾಜಿನ ಬಾಗಿಲಿನ ಆ ಪುಟ್ಟ ಗೂಡಿನಲ್ಲಿ ಇಂದಿಗೂ ಗೇಣುದ್ದದ ಮರದ ವಿಗ್ರಹ ಇರಬಹುದು. ಬಣ್ಣ ಮಾಸಿತು, ಬೆರಳು ಮುರಿಯಿತು ಎಂದು ಅದನ್ನು ಅಟ್ಟಕ್ಕೇರಿಸಿ ಪೇಟೆಯ ಫೈಬರ್ ಪ್ರತಿಮೆಯನ್ನು ತಂದಿಡುವ ಮುನ್ನ ಅದರ ಹಿನ್ನೆಲೆಯನ್ನು ಅರಿಯುವುದು ಲೇಸು.

ನಮ್ಮ ಪೂರ್ವಜರಲ್ಲಿ ಬಹುಪಾಲು ಜನರು ಗೋವೆಯಿಂದ ಬಂದವರು. ಪುಟ್ಟ ವಿಗ್ರಹಗಳನ್ನು ಕೆತ್ತುವ ಕಲೆಯೂ ಅಲ್ಲಿ ಸಮೃದ್ಧವಾಗಿ ಬೆಳೆದಿತ್ತು. ಕೆತ್ತಿದ ಕೈಗಳಲ್ಲಿ ಹಿಂದೂ ಕುಶಲಕರ್ಮಿಗಳವೂ ಇದ್ದವು. ಕ್ರೈಸ್ತೇತರರಿಂದ ಪವಿತ್ರ ವಸ್ತುಗಳನ್ನು ಮಾಡಿಸಬಾರದೆಂದು 1567ರ ಗೋವಾ ಧರ್ಮಪ್ರಾಂತ್ಯಗಳ ಮಹಾಸಭೆ ವಿಧಿಸಿತು. ಆ ಬಳಿಕವೂ ನಿಷೇಧವನ್ನು ಪುನಃ ಹೊರಡಿಸಬೇಕಾಯಿತು. ಜನರು ಅದನ್ನು ಎಷ್ಟು ಪಾಲಿಸಿದರೆಂಬುದು ಇದರಿಂದಲೇ ತಿಳಿಯುತ್ತದೆ!

ಹದಿನೇಳನೆಯ ಶತಮಾನದ ಗೋವೆಯಲ್ಲಿ ಆನೆದಂತದಲ್ಲಿ ಕೆತ್ತಿದ ಬಾಲ ಯೇಸುವನ್ನು ನೋಡಿರಿ. ಕುರುಬನ ಉಡುಪಿನ ಬಾಲಕ ಬೆಟ್ಟದ ತುದಿಯಲ್ಲಿ ಕಾಲು ಮಡಚಿ ಕುಳಿತಿದ್ದಾನೆ. ಮಡಿಲಲ್ಲಿ ಕುರಿಮರಿ, ಕೆನ್ನೆಗೆ ಕೈ, ಕಣ್ಣು ಮುಚ್ಚಿದೆ. ಕೆಳಗಿನ ಗುಹೆಯಲ್ಲಿ ಮಗ್ದಲದ ಮರಿಯಳು ಒರಗಿದ್ದಾಳೆ. ಐರೋಪ್ಯರ ಒಳ್ಳೆಯ ಕುರುಬನು ಇಲ್ಲಿ ಧ್ಯಾನಸ್ಥ ಬುದ್ಧನ ನೆಂಟನಂತೆ ತೋರುತ್ತಾನೆ. ಉಪದೇಶ ಹೊರಗಿನಿಂದ ಬಂದರೂ ಉಳಿ ಹಿಡಿದ ಕೈ ಈ ಮಣ್ಣಿನದಾಗಿತ್ತು.

ಆಧುನಿಕ ಕಲಾವಿದರು ಇದನ್ನೇ ಬಣ್ಣದಲ್ಲಿ ಮುಂದುವರಿಸಿದರು. ಗೋವೆಯ ಆಂಜೆಲೊ ದ ಫೊನ್ಸೆಕಾ (1902-1967) ಕನ್ಯಾ ಮರಿಯಮ್ಮನಿಗೆ ಸೀರೆ ಉಡಿಸಿ ಚಿತ್ರಿಸಿ, ತವರಿನಲ್ಲೇ ಟೀಕೆಗೊಳಗಾಗಿ ಪುಣೆಯಲ್ಲಿ ನೆಲೆಸಿದರು. ಬೆಂಗಳೂರು ಸಮೀಪದ ಸಿಲ್ವೇಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರು ‘ದಲಿತ ಮಡೋನ್ನಾ’ ಚಿತ್ರಕ್ಕೆ ನಮ್ಮ ಅಡುಗೆಮನೆಯ ಅರೆಯುವ ಕಲ್ಲನ್ನೇ ಆಧಾರವಾಗಿಸಿಕೊಂಡರು: ಕದಲದ ಕಲ್ಲು ತಾಯಿ, ಅದರ ಕುಳಿಯೊಳಗೆ ತಿರುಗುವ ಗುಂಡುಕಲ್ಲು ಮಗು. ತಾಯಿ ಮತ್ತು ಕುವರನ ಸಂಬಂಧವನ್ನು ಇದಕ್ಕಿಂತ ಹತ್ತಿರದಿಂದ ಹೇಳುವುದು ಕಷ್ಟವೇ ಸರಿ.

ತುಳುನಾಡಿನಲ್ಲಿ ಹಲಸಿನ ಮರದಿಂದ ದೈವಗಳ ಮೂರ್ತಿಗಳನ್ನು ಕೆತ್ತುವ ಪರಂಪರೆಯಿದೆ. ಅಂಥ ಕುಶಲಿಯೊಬ್ಬರಿಂದ ಅಂಗೈಯಗಲದ ಸಂತ ಅಂತೋನಿಯವರನ್ನು ಕೆತ್ತಿಸಿದರೆ ತಪ್ಪೇನು? ಅಚ್ಚಿನಲ್ಲಿ ಎರಕಗೊಂಡ ನೂರು ಪ್ರತಿಮೆಗಳದ್ದೂ ಒಂದೇ ಮುಖ. ಕೆತ್ತಿದ ಎರಡು ಎಂದೂ ಒಂದೇ ಆಗವು.

ಹಳೆಯ ವಿಗ್ರಹವಿರುವವರು ಹಬ್ಬ ಬಂತೆಂದು ಅದಕ್ಕೆ ಎನಾಮಲ್ ಬಣ್ಣ ಬಳಿಸಬಾರದು. ಮೂಲ ಬಣ್ಣವೂ ಚಿನ್ನದ ರೇಖೆಯೂ ಅದರಡಿ ಅಡಗಿಹೋಗುತ್ತವೆ. ಒದ್ದೆ ಬಟ್ಟೆಯ ಬದಲು ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಿರಿ. ಮಳೆಗಾಲದಲ್ಲಿ ತೇವದ ಗೋಡೆಯಿಂದ ದೂರವಿಡಿ, ಗೆದ್ದಲು ಹತ್ತಿದೆಯೇ ನೋಡುತ್ತಿರಿ. ಮುರಿದ ಬೆರಳು ಸಿಕ್ಕಿದರೆ ಎಸೆಯದೆ, ಡಬ್ಬಿಯಲ್ಲಿ ಹತ್ತಿ ಸುತ್ತಿ ವಿಗ್ರಹದ ಬಳಿಯೇ ಇಡಿರಿ.