ಸಾಸಲಿನ ಹೊಲದಿಂದ ಸೀದಾ ಅಡುಗೆಮನೆಗೆ

ಚಳಿಗಾಲದಲ್ಲಿ ದೊಡ್ಡಬಳ್ಳಾಪುರದಿಂದ ಸಾಸಲಿನ ಕಡೆ ಹೊರಟಾಗ ಅವರೆಕಾಯಿ ರಾಶಿ ಕಂಡ್ರೆ ಗಾಡಿ ನಿಲ್ಲಿಸಿ. ಒಂದು ಕಾಯಿ ಮೂಸಿ ನೋಡಿ. ಬೆರಳಿಗೆ ಅಂಟೋ ಆ ಘಮವೇ ಸೊಗಡು. ಕಿತ್ತು ದಿನ ಕಳೆದಂತೆ ಅದು ಇಳಿಯುತ್ತೆ, ಎಳೇ ಕಾಳಿನ ಸಿಹಿಯೂ ಕಮ್ಮಿಯಾಗುತ್ತೆ. ಇವತ್ತು ಕಿತ್ತಿದ್ದು ಇವತ್ತೇ ಸಾರಿಗೆ ಬೀಳಬೇಕು.

ರಾಗಿ ಹಾಗಲ್ಲ, ವರ್ಷಗಟ್ಟಲೆ ಇಟ್ಟರೂ ಕೆಡಲ್ಲ. ಹಾಗಾದ್ರೆ ಇಲ್ಲಿನ ರಾಗಿಯೇ ಯಾಕೆ? ಈ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳನ್ನ ಅಕ್ಕಡಿ ಸಾಲಾಗಿ ಹಾಕೋ ಪದ್ಧತಿ ಇದೆ. ಅವರೆ, ತೊಗರಿ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನ ಹಿಡಿದು ಮಣ್ಣಿನ ಸತ್ವ ಕಾಯುತ್ವೆ. ಕೊಳ್ಳೋರಿದ್ರೆ ತಾನೇ ಈ ಬೇಸಾಯ ಉಳಿಯೋದು? ಜೊತೆಗೆ 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ. ಅಕ್ಕಿ, ಗೋಧಿ ಹತ್ತಿರಕ್ಕೂ ಬರಲ್ಲ.

ಹತ್ತಿರದ್ದು ಅಂದ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಅಂತಲ್ಲ. ಆದ್ರೆ ಬೆಳೆದವರು ಎದುರಿಗೇ ಇದ್ದಾರೆ. "ಅಣ್ಣಾ, ಔಷಧಿ ಹೊಡೆದು ಎಷ್ಟು ದಿನ ಆಯ್ತು?" ಅಂತ ಕೇಳಬಹುದು. ದಲ್ಲಾಳಿಗೆ ಹೋಗೋ ದುಡ್ಡೂ ಅವರ ಕೈಯಲ್ಲೇ ಉಳಿಯುತ್ತೆ.

ಇಷ್ಟು ದೂರ ಬರೋಕಾಗಲ್ವಾ? 1959ರಲ್ಲಿ ಶುರುವಾದ, ಬೆಳೆಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್‌ನ ಮಳಿಗೆಗೆ ಹೋಗಿ. ಅಲ್ಲಿ ನಮ್ಮ ಪಕ್ಕದ ದೇವನಹಳ್ಳಿಯ ಚಕ್ಕೋತ ಬಂದಿದ್ಯಾ ಅಂತ ಕೇಳಿ.