ಗೃಹಬಳಕೆಯ ಜಲಮಾಪಕಗಳ ಸೂಕ್ಷ್ಮ ಭಾಗಗಳಿಗೆ ಪ್ಲಾಸ್ಟಿಕ್ಕಿನ ಆಯ್ಕೆ

ಮನೆಯ ನಲ್ಲಿಗೆ ಬರುವ ನೀರನ್ನು ಅಳೆಯುವ ಮಾಪಕದ ಹೊರಕವಚ ಹಿತ್ತಾಳೆಯದಾಗಿದ್ದರೂ, ಅಳತೆಯನ್ನು ನಿರ್ಧರಿಸುವ ಒಳಭಾಗಗಳು ಇಂದು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು. ಒಂದು ಕಾಲದಲ್ಲಿ ಗಟ್ಟಿರಬ್ಬರಿನ ತಟ್ಟೆ ಮತ್ತು ಹಿತ್ತಾಳೆಯ ಹಲ್ಲುಚಕ್ರಗಳು ಮಾಡುತ್ತಿದ್ದ ಕೆಲಸವನ್ನು ಈಗ ಅಸಿಟಾಲ್, ಪಾಲಿಫಿನಿಲೀನ್ ಈಥರ್ ಮೊದಲಾದ ತಾಂತ್ರಿಕ ಪ್ಲಾಸ್ಟಿಕ್ಕುಗಳು ಮಾಡುತ್ತಿವೆ. ಇವುಗಳಲ್ಲಿ ಯಾವುದನ್ನು ಯಾವ ಭಾಗಕ್ಕೆ ಆರಿಸಬೇಕೆಂಬುದು ಕೇವಲ ಬೆಲೆಯ ಪ್ರಶ್ನೆಯಲ್ಲ.

ಅಳತೆಯಲ್ಲಿ ಕ್ಷಮ್ಯವಾದ ದೋಷದ ಮಿತಿಯು ತಣ್ಣೀರಿನ ಮಾಪಕಗಳಿಗೆ ಕೆಳಹರಿವಿನ ವಲಯದಲ್ಲಿ ಶೇಕಡ 5, ಮೇಲಿನ ವಲಯದಲ್ಲಿ ಶೇಕಡ 2. ನಮ್ಮ ನಗರಗಳಲ್ಲಿ ಕೆಳವಲಯದ ಮಹತ್ವ ಹೆಚ್ಚು. ಮಾಳಿಗೆಯ ತೊಟ್ಟಿ ತುಂಬುತ್ತ ಬಂದಂತೆ ತೇಲುಚೆಂಡಿನ ಕವಾಟ ಮೆಲ್ಲಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಆಗ ಸಣ್ಣ ಎಳೆಯಾಗಿ ಹರಿಯುವ ನೀರು ಮಾಪಕದ ಚಕ್ರವನ್ನು ತಿರುಗಿಸದೆಯೇ ದಾಟಿಹೋಗಬಹುದು. ಈ ನಷ್ಟ ಜಲಮಂಡಳಿಯದು. ಚಕ್ರ ವೇಗವಾಗಿ ಓಡಿದರೆ ನಷ್ಟ ಗ್ರಾಹಕನದು. ಎರಡಕ್ಕೂ ಚಕ್ರದ ವಸ್ತುವಿನೊಡನೆ ಸಂಬಂಧವಿದೆ.

ಮೊದಲು ಸಾಂದ್ರತೆಯನ್ನು ಗಮನಿಸೋಣ. ಬಹುಧಾರಾ ಮಾಪಕದಲ್ಲಿ ರೆಕ್ಕೆಚಕ್ರವು ಒಂದು ಸೂಕ್ಷ್ಮ ಮೊನೆಯ ಮೇಲೆ ನಿಂತು ತಿರುಗುತ್ತದೆ. ಆ ಮೊನೆಯ ಮೇಲೆ ಬೀಳುವ ಭಾರವೆಂದರೆ ನೀರಿನಲ್ಲಿ ಚಕ್ರಕ್ಕೆ ಉಳಿಯುವ ತೂಕ. ಅಸಿಟಾಲಿನ ಸಾಂದ್ರತೆ 1.41, ನೀರಿನಲ್ಲಿ ಘನ ಸೆಂಟಿಮೀಟರಿಗೆ 0.41 ಗ್ರಾಂ ಉಳಿಯುತ್ತದೆ. ಪಾಲಿಸ್ಟೈರೀನಿನೊಡನೆ ಬೆರೆಸಿದ ಪಾಲಿಫಿನಿಲೀನ್ ಈಥರಿನ ಸಾಂದ್ರತೆ ಸುಮಾರು 1.06, ಉಳಿಯುವುದು 0.06 ಗ್ರಾಂ ಮಾತ್ರ. ಅಂದರೆ ಸುಮಾರು ಏಳರಲ್ಲೊಂದು ಭಾಗ. ಮೊನೆಯ ಘರ್ಷಣೆ ಅಷ್ಟರಮಟ್ಟಿಗೆ ಇಳಿದು, ಚಕ್ರ ಕಡಿಮೆ ಹರಿವಿನಲ್ಲೇ ಚಲಿಸತೊಡಗುತ್ತದೆ. ಪಾಲಿಪ್ರೊಪಿಲೀನ್ ಇನ್ನೂ ಹಗುರ, ಆದರೆ ಅದು ತೇಲುವುದರಿಂದ ಒತ್ತಡ ಮೇಲಿನ ಆಧಾರಕ್ಕೆ ವರ್ಗಾವಣೆಯಾಗುತ್ತದೆ. ಕಾಂತೀಯ ಜೋಡಣೆಯುಳ್ಳ ಮಾಪಕಗಳಲ್ಲಿ ಚಕ್ರಕ್ಕೆ ಅಂಟಿದ ಕಾಂತದ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ನೀರಿನ ಹೀರಿಕೆ. ವಸ್ತುವಿನ ಗುಣಪಟ್ಟಿಯಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ಇಪ್ಪತ್ತನಾಲ್ಕು ಗಂಟೆಗಳ ಮುಳುಗಿಕೆಯ ಅಂಕಿ. ವರ್ಷಗಟ್ಟಲೆ ನೀರಿನಲ್ಲೇ ಇರುವ ಭಾಗಕ್ಕೆ ಇದು ದಾರಿ ತಪ್ಪಿಸುವ ಅಂಕಿಯೆಂದೇ ನನ್ನ ಅಭಿಪ್ರಾಯ. ನೈಲಾನ್ 66 ಒಂದು ದಿನದಲ್ಲಿ ಹೀರುವುದು ಸುಮಾರು ಶೇಕಡ 1.2, ಪೂರ್ಣ ತೃಪ್ತ ಸ್ಥಿತಿಯಲ್ಲಿ ಸುಮಾರು ಶೇಕಡ 8.5. ಆಗ ಉದ್ದಳತೆಯಲ್ಲಿ ಶೇಕಡ 2ರಷ್ಟು ಹಿಗ್ಗಿದರೂ 20 ಮಿ.ಮೀ. ಭಾಗವೊಂದು 0.4 ಮಿ.ಮೀ. ಬೆಳೆಯುತ್ತದೆ. ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಎಡೆ ಎಣಿಸುವ ಪಿಸ್ಟನ್ ಮಾಪಕದಲ್ಲಿ ಇದು ಸಿಕ್ಕಿಹಾಕಿಕೊಂಡು ನಿಲ್ಲುವುದಕ್ಕೆ ಸಾಕು. ಹಲ್ಲುಚಕ್ರಗಳಿಗೆ ಬೇರೆಡೆ ಅತ್ಯುತ್ತಮವೆನಿಸಿದ ನೈಲಾನ್ ಒದ್ದೆ ಭಾಗಗಳಿಗೆ ಒಗ್ಗದಿರುವುದು ಇದೇ ಕಾರಣಕ್ಕೆ. ಅಸಿಟಾಲ್ ತೃಪ್ತ ಸ್ಥಿತಿಯಲ್ಲೂ ಶೇಕಡ 1ಕ್ಕಿಂತ ಕಡಿಮೆ ಹೀರುತ್ತದೆ.

ಉಷ್ಣದಿಂದಾಗುವ ಹಿಗ್ಗುವಿಕೆಯಲ್ಲಿ ಮಾತ್ರ ಅಸಿಟಾಲ್ ದುರ್ಬಲ. ತಾಪ 20 ಡಿಗ್ರಿ ಸೆಲ್ಸಿಯಸ್ ಏರಿದಾಗ 40 ಮಿ.ಮೀ. ವ್ಯಾಸದ ಅಸಿಟಾಲ್ ಭಾಗ ಸುಮಾರು 0.088 ಮಿ.ಮೀ. ಹಿಗ್ಗಿದರೆ, ಅದೇ ಅಳತೆಯ ಹಿತ್ತಾಳೆ ಹಿಗ್ಗುವುದು 0.015 ಮಿ.ಮೀ. ಆದುದರಿಂದ ಹಿತ್ತಾಳೆಯ ಕೊಠಡಿಯೊಳಗೆ ಅಸಿಟಾಲ್ ಪಿಸ್ಟನ್ ಕೂಡಿಸುವುದು ವಿವೇಕವಲ್ಲ. ಕೊಠಡಿಯೂ ಪಿಸ್ಟನ್ನೂ ಸಮೀಪದ ವಿಕಸನಾಂಕವುಳ್ಳವಾಗಿರಬೇಕು. ಹಾಗೆಂದು ಎರಡನ್ನೂ ಒಂದೇ ವಸ್ತುವಿನಿಂದ ಮಾಡಿದರೆ ಇನ್ನೊಂದು ತೊಡಕು: ಅಸಿಟಾಲ್ ಅಸಿಟಾಲಿಗೆ ಉಜ್ಜಿದಾಗ ಸವೆತ ಹೆಚ್ಚು. ಗಾಜಿನ ನಾರು ಬೆರೆಸಿದರೆ ಹಿಗ್ಗುವಿಕೆ ತಗ್ಗುತ್ತದೆ, ಆದರೆ ಆ ನಾರು ಎದುರು ಮೈಯನ್ನು ಅರದಂತೆ ತೇಯುತ್ತದೆ. ಜೊತೆಗೆ ನಾರು ಹರಿದ ದಿಕ್ಕಿನಲ್ಲಿ ಒಂದು ಬಗೆ, ಅಡ್ಡ ದಿಕ್ಕಿನಲ್ಲಿ ಇನ್ನೊಂದು ಬಗೆ ಕುಗ್ಗಿ, ದುಂಡಗಿರಬೇಕಾದ ಕೊಠಡಿ ಸೊಟ್ಟಗಾಗುತ್ತದೆ. ಅಚ್ಚಿನಲ್ಲಿಯೂ ವ್ಯತ್ಯಾಸವಿದೆ. ಸ್ಫಟಿಕಾಂಶವುಳ್ಳ ಅಸಿಟಾಲ್ ಸುಮಾರು ಶೇಕಡ 2 ಕುಗ್ಗುತ್ತದೆ, ಅಚ್ಚಿನಿಂದ ತೆಗೆದ ಮೇಲೆಯೂ ಸ್ವಲ್ಪ ಕುಗ್ಗುತ್ತಲೇ ಇರುತ್ತದೆ. ಪಾಲಿಫಿನಿಲೀನ್ ಈಥರ್ ಮಿಶ್ರಣದ ಕುಗ್ಗುವಿಕೆ ಶೇಕಡ 0.5ರಿಂದ 0.7. ನಿಖರತೆಯ ಕೊಠಡಿಗೆ ಎರಡನೆಯದನ್ನು ಮೆಚ್ಚುವುದು ಸಹಜ.

ಕ್ಲೋರಿನ್ನಿನ ವಿಷಯ ಹಲವೊಮ್ಮೆ ಮರೆತುಹೋಗುತ್ತದೆ. ಭಾರತೀಯ ಮಾನಕ 10500ರ 2012ರ ಆವೃತ್ತಿಯಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಕ್ಲೋರಿನ್ ಅಸಿಟಾಲಿನ ಮೈಯನ್ನು ಕ್ರಮೇಣ ಕೆಡಿಸುತ್ತದೆ, ಬಿಸಿನೀರಿನಲ್ಲಿ ಬೇಗ. ಅಮೆರಿಕದಲ್ಲಿ 1978ರಿಂದ ಬಳಕೆಗೆ ಬಂದ ಪಾಲಿಬ್ಯುಟಿಲೀನ್ ಕೊಳವೆಗಳ ಅಸಿಟಾಲ್ ಜೋಡಣೆಗಳು ಬಿರುಕುಬಿಟ್ಟು ಸೋರಿ, ಆ ವ್ಯಾಜ್ಯವು 1995ರಲ್ಲಿ ಭಾರಿ ಮೊತ್ತದ ಒಪ್ಪಂದದಲ್ಲಿ ಮುಗಿದದ್ದು ಈ ಕ್ಷೇತ್ರದವರು ನೆನಪಿಡಬೇಕಾದ ಸಂಗತಿ. ತಣ್ಣೀರಿನ ಮಾಪಕದಲ್ಲಿ, ಒತ್ತಡ ಹೊರದ ಹಲ್ಲುಚಕ್ರಗಳಿಗೆ ಅಸಿಟಾಲ್ ಇಂದಿಗೂ ಯೋಗ್ಯವೇ. ಬಿಸಿನೀರಿನ ಮಾಪಕಕ್ಕಾದರೆ ಪಾಲಿಫಿನಿಲೀನ್ ಸಲ್ಫೈಡಿನಂತಹ ದುಬಾರಿ ವಸ್ತುವಿನತ್ತ ಹೊರಳುವುದು ಅನಿವಾರ್ಯ. ಮುಖಫಲಕದ ಪಾರದರ್ಶಕ ಪಾಲಿಕಾರ್ಬೊನೇಟ್ ಕೂಡ ಬಿಸಿನೀರಿನ ದೀರ್ಘ ಸಂಪರ್ಕದಲ್ಲಿ ಜಲವಿಭಜನೆಗೊಂಡು ಬಿರುಸಾಗುತ್ತದೆ.

ಪ್ರಯೋಗಾಲಯದ ಪೀಠದ ಮೇಲೆ ಮಾಪಕ ಯಾವಾಗಲೂ ತುಂಬಿದ ಕೊಳವೆಯಲ್ಲಿ ಓಡುತ್ತದೆ. ಸರದಿಯಂತೆ ನೀರು ಬಿಡುವ ಬಡಾವಣೆಗಳಲ್ಲಿ ಹಾಗಲ್ಲ. ಖಾಲಿ ಕೊಳವೆಗೆ ನೀರು ನುಗ್ಗಿದಾಗ ಮುಂದೆ ತಳ್ಳಲ್ಪಟ್ಟ ಗಾಳಿಯು ಚಕ್ರವನ್ನು ಅತಿವೇಗದಲ್ಲಿ, ನೀರಿನ ಜಾರಿಕೆಯಿಲ್ಲದೆ ತಿರುಗಿಸುತ್ತದೆ. ಹಿಂದೆಯೇ ಮರಳು, ತುಕ್ಕಿನ ಹುಡಿ ಬರುತ್ತವೆ. ನೀರಿನಲ್ಲಿ ಹಗುರವಾಗಿದ್ದ ಚಕ್ರ ಗಾಳಿಯಲ್ಲಿ ತನ್ನ ಪೂರ್ಣ ತೂಕವನ್ನು ಮೊನೆಯ ಮೇಲೆ ಹೇರುತ್ತದೆ. ಆದುದರಿಂದ ಇಂತಹ ಬಡಾವಣೆಗಳಿಗೆ ಮಾಪಕ ಕೊಳ್ಳುವಾಗ ಒಣ ಓಟದ ಸವೆತ ಪರೀಕ್ಷೆಯನ್ನೂ, ಆ ಬಳಿಕ ಕನಿಷ್ಠ ಹರಿವಿನಲ್ಲಿ ಮರುಪರೀಕ್ಷೆಯನ್ನೂ ಷರತ್ತಿನಲ್ಲಿ ಸೇರಿಸುವುದು ಸೂಕ್ತ. ಚಕ್ರದ ಬುಡದಲ್ಲಿ ಪ್ಲಾಸ್ಟಿಕ್ಕನ್ನೇ ಆಧಾರವಾಗಿ ಬಿಡದೆ ನೀಲಮಣಿಯ ಬಿಲ್ಲೆ ಕೂರಿಸುವುದಕ್ಕೆ ತಗಲುವ ವೆಚ್ಚವನ್ನು ಈ ಪರೀಕ್ಷೆಯ ಫಲಿತಾಂಶದೊಡನೆ ತೂಗಿ ನೋಡಬೇಕು.