ಲೆಕ್ಕಕ್ಕಿಲ್ಲದ ನೇಕಾರರು

ನಮ್ಮ ಜಮಖಂಡಿ ಕಡೆ ಕಬ್ಬು ಕಡಿಯುವಾಗ ಒಂದು ಮಾತು ಬಂದೇ ಬರುತ್ತದೆ: "ಒಡ್ಡಿನ್ಯಾಗ ದೊಡ್ಡ ಜೇಡ ಐತ್ರಿ, ಮೊದಲ ಅದನ್ನ ಕೊಲ್ರಿ." ನಾನೂ ಕೊಂದವನೇ. ಒಡ್ಡಿನ ಬಿಲಗಳಿಗೆ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದವನು. ಈಗ ಬಿಟ್ಟಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಸಂಜೆ ಹೊತ್ತು ರವದಿ ಒಟ್ಟುತ್ತಿದ್ದ ಆಳು ಹೆಣ್ಣುಮಗಳು "ಏನೋ ಕಡೀತು" ಅಂತ ಚೀರಿದಳು. ಹತ್ತಿರದಲ್ಲೇ ಅಂಗೈ ಅಗಲದ, ಮೈತುಂಬ ಕೂದಲಿನ ಜೇಡ ಕೂತಿತ್ತು. ಅದೇ ಕಡಿದಿದೆ ಅಂತ ನಾವೇ ತೀರ್ಮಾನ ಮಾಡಿದೆವು. ಜೇಡವನ್ನು ಜಜ್ಜಿ, ಕಾಲಿಗೆ ಸುಣ್ಣ ಹಚ್ಚಿ ಕೂಡಿಸಿದೆವು. ಅರ್ಧ ತಾಸಿನಲ್ಲಿ ಕಾಲು ಬಾತು, ವಸಡಿನಲ್ಲಿ ರಕ್ತ ಬಂತು. ಆಮೇಲೆ ದವಾಖಾನೆಗೆ ಓಡಿದೆವು. ಡಾಕ್ಟರು ಗಾಯ ನೋಡಿ, ಇದು ಕೊಳಕುಮಂಡಲ ಅಂದರು. ಆಕೆ ಉಳಿದಳು, ಆದರೆ ಬಹಳ ದಿನ ನರಳಿದಳು. ಕಡಿದದ್ದು ಹಾವು, ಹೊತ್ತು ಕಳೆದವರು ನಾವು, ಸತ್ತದ್ದು ಜೇಡ.

ಬಿಲದ ದೊಡ್ಡ ಜೇಡ ಕಡಿದರೆ ಉರಿ, ಬಾವು ಬರುತ್ತದೆ. ಪ್ರಾಣಕ್ಕೆ ಅಪಾಯ ತೀರ ಅಪರೂಪ. ಅದೂ ಕೆಣಕಿದರೆ ಮಾತ್ರ ಕಡಿಯುವ ಪ್ರಾಣಿ. ರವದಿಯಲ್ಲಿ ಏನೇ ಕಡಿದರೂ ಜೇಡದ ಮೇಲೆ ಹಾಕಿ ಸುಮ್ಮನೆ ಕೂಡಬೇಡಿ. ನೇರ ದವಾಖಾನೆಗೆ ಹೋಗಿ.

ಪೆಟ್ಟಿಗೆಯಲ್ಲಿ ಸಾಕುವವರು

ಪುಣೆಯಲ್ಲಿರುವ ನನ್ನ ಅಳಿಯ ಒಮ್ಮೆ ಬಂದಾಗ ಒಡ್ಡಿನ ಬಿಲ ನೋಡಿ ಕುಣಿದಾಡಿದ. "ಮಾಮಾ, ಇದು ಟರಾಂಟುಲಾ. ಇದನ್ನ ಗಾಜಿನ ಪೆಟ್ಟಿಗೆಯೊಳಗ ಸಾಕ್ತಾರ, ರೊಕ್ಕ ಕೊಟ್ಟು ಕೊಳ್ತಾರ" ಅಂದ. ನಮಗೆ ನಗು. ಆದರೆ ಅವನು ಹೇಳಿದ್ದು ಸುಳ್ಳಲ್ಲ.

ಬಳ್ಳಾರಿಯ ಆಚೆ, ಗುಂತಕಲ್ ಹತ್ತಿರ ಗೂಟಿ ಇದೆಯಲ್ಲ, 1899ರಲ್ಲಿ ಅಲ್ಲಿ ಸಿಕ್ಕ ಒಂದು ನೀಲಿ ಜೇಡಕ್ಕೆ ಪೊಕಾಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಹೆಸರಿಟ್ಟ. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಇವತ್ತು ಹೊರದೇಶದ ಹವ್ಯಾಸಿಗಳ ಮನೆಯಲ್ಲಿ ಅದು ರಾಜ. ಅದರ ಕಾಡಿನಲ್ಲಿ ಮಾತ್ರ ಅಳಿವಿನ ಅಂಚಿಗೆ ಬಂದಿದೆ. ಆ ಕುಲದ ಜೇಡಗಳು 2019ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದವು.

ಬಣ್ಣ ಇದ್ದದ್ದಕ್ಕೆ ಬೆಲೆ, ನಮ್ಮ ಮಣ್ಣುಬಣ್ಣದ್ದಕ್ಕೆ ಚಿಮಣಿ ಎಣ್ಣೆ. "ಹಿಡಿದು ಮಾರೋಣೇನು?" ಅಂತ ಊರ ಹುಡುಗರು ಕೇಳಿದರು. ಬೇಡ ಅಂದೆ. ಇಂಥ ಜೇಡಗಳಲ್ಲಿ ಹೆಣ್ಣು ಹತ್ತು ವರ್ಷ, ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಬಿಲಕ್ಕೆ ರೇಷ್ಮೆ ಹೊದಿಸಿ, ರಾತ್ರಿ ಬಾಗಿಲಲ್ಲಿ ಕೂತು ಜಿರಲೆ, ಮಿಡತೆ, ದುಂಬಿ ಹಿಡಿಯುತ್ತದೆ. ಒಂದನ್ನು ಕಿತ್ತರೆ ಅಷ್ಟು ವರ್ಷದ ಕಾವಲುಗಾರನನ್ನು ಕಿತ್ತಂತೆ. ಮಳೆಗಾಲದಲ್ಲಿ ಅಂಗಳಕ್ಕೆ ಬರುವುದು ಬಹಳ ಸಲ ಹೆಣ್ಣು ಹುಡುಕಿ ಹೊರಟ ಗಂಡು. ಡಬ್ಬಿ ಮುಚ್ಚಿ, ಕೆಳಗೆ ರಟ್ಟು ತೂರಿಸಿ ಒಡ್ಡಿಗೆ ಬಿಟ್ಟು ಬನ್ನಿ.

ಹೊಲದಲ್ಲೇ ಸಾಕಿರಿ

ಪೆಟ್ಟಿಗೆ ಬೇಡ. ನಮಗೆ ಹೊಲವೇ ಪೆಟ್ಟಿಗೆ. ಹೆಸರಿಲ್ಲದೆ ದುಡಿಯುವ ಜೇಡಗಳು ಇನ್ನೂ ಇವೆ.

ತೋಳಜೇಡ ಬಲೆ ಕಟ್ಟುವುದಿಲ್ಲ, ಓಡಿ ಹಿಡಿಯುತ್ತದೆ. ತಾಯಿ ಮೊಟ್ಟೆಚೀಲವನ್ನು ಹಿಂದೆ ಕಟ್ಟಿಕೊಂಡು, ಮರಿಯಾದ ಮೇಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ರಾತ್ರಿ ಬ್ಯಾಟರಿಯನ್ನು ಹಣೆಯ ಮಟ್ಟಕ್ಕೆ ಹಿಡಿದು ಹೊಲ ನೋಡಿ. ಇಬ್ಬನಿ ಹನಿಯಂತೆ ಹಸಿರಾಗಿ ಮಿನುಗುವುದು ಅದರ ಕಣ್ಣು. ಎಷ್ಟು ಮಿನುಗುತ್ತವೆಯೋ ಅಷ್ಟು ಆಳು ನಿಮ್ಮ ಹೊಲದಲ್ಲಿ ರಾತ್ರಿಪಾಳಿ ಮಾಡುತ್ತಿದ್ದಾರೆ ಅಂತ ತಿಳಿಯಿರಿ.

ಚಳಿಗಾಲದ ಮುಂಜಾನೆ ನೆಲದ ಮೇಲೆ ಕರ್ಚೀಪು ಹಾಸಿದಂತೆ ಬಲೆ ಕಾಣುತ್ತದಲ್ಲ, ಅದರ ಮೂಲೆಯ ಕೊಳವೆಯಲ್ಲಿ ಕೂತಿರುವುದು ಇದರದೇ ಬಳಗದ್ದು. ತೊಗರಿ, ಹತ್ತಿ ಗಿಡದ ಮೇಲೆ ಮುಳ್ಳುಗಾಲಿನ ಜೇಡ ಬೆಕ್ಕಿನಂತೆ ಜಿಗಿದು ಹುಳು ಹಿಡಿಯುತ್ತದೆ.

ಬಾರಿ, ಜಾಲಿ ಬೇಲಿಯಲ್ಲಿ ಒಣ ಎಲೆ ಸೇರಿಸಿ ಕಟ್ಟಿದ ಬೂದುಬಣ್ಣದ ಗಂಟು ನೋಡಿರುತ್ತೀರಿ. ಅದು ಕೂಡಿ ಬಾಳುವ ಜೇಡದ ಮನೆ. ಒಂದರೊಳಗೆ ನೂರಾರು ಇರುತ್ತವೆ. ಬಲೆಗೆ ದೊಡ್ಡ ಹುಳು ಬಿದ್ದರೆ ಎಲ್ಲವೂ ಕೂಡಿ ಎಳೆಯುತ್ತವೆ. ಕಡೆಗೆ ತಾಯಿ ತನ್ನ ಮೈಯನ್ನೇ ಮರಿಗಳಿಗೆ ಆಹಾರ ಕೊಟ್ಟು ಸಾಯುತ್ತದೆ.

ಹಳಗನ್ನಡದಿಂದಲೂ ಜೇಡ ಅಂದರೆ ನೇಕಾರ. ಜೇಡರ ದಾಸಿಮಯ್ಯನ ಹೆಸರಿನಲ್ಲೇ ಅದಿದೆ. ರಬಕವಿ-ಬನಹಟ್ಟಿಯ ಮಗ್ಗದ ಸದ್ದು ಕೇಳಿ ಬೆಳೆದ ನಮಗೆ ನೇಯುವವರ ಬೆಲೆ ಬೇರೆಯವರು ಹೇಳಿಕೊಡಬೇಕೇ?

ನಾನು ಮಾಡಿದ್ದು

ರವದಿ ಸುಡುವುದು ಬಿಟ್ಟೆ. ಕೂಳೆಯಲ್ಲಿ ಸಾಲು ಬಿಟ್ಟು ಸಾಲು ಹರಡುತ್ತೇನೆ. ಹಸಿ ಉಳಿಯುತ್ತದೆ, ಜೇಡಕ್ಕೂ ನೆರಳು. ಕೈ ಹಾಕುವ ಮೊದಲು ಕೋಲಿನಿಂದ ಕೆದಕುತ್ತೇವೆ, ಕಾಲಿಗೆ ಬೂಟು ಹಾಕುತ್ತೇವೆ. ಒಂದು ಒಡ್ಡನ್ನು ಕೆರೆಯದೆ, ಕಳೆನಾಶಕ ಹೊಡೆಯದೆ ಹಾಗೇ ಬಿಟ್ಟಿದ್ದೇನೆ. ಹುಳು ಕಾಣುವ ಮೊದಲೇ ಔಷಧ ಹೊಡೆಯುವ ಚಟ ಬಿಟ್ಟೆ. ಔಷಧಕ್ಕೆ ಹುಳು ಯಾವುದು, ಜೇಡ ಯಾವುದು ಗೊತ್ತಾಗುವುದಿಲ್ಲ.

ಜೇಡ ಒಂದರಿಂದಲೇ ಕೀಟ ಹತೋಟಿ ಆಗುತ್ತದೆ ಅಂತ ಹೇಳಲಾರೆ. ಕಬ್ಬಿನೊಳಗೆ ಹೊಕ್ಕ ಸುಳಿಕೊರಕಕ್ಕೆ ಅದು ಏನೂ ಮಾಡಲಾರದು. ಹೂವಿನಲ್ಲಿ ಕೂಡುವ ಏಡಿಜೇಡ ಜೇನುನೊಣವನ್ನೂ ತಿನ್ನುತ್ತದೆ. ಆದರೆ 2002ರಲ್ಲಿ ಸಾಂಗ್ಲಿ ಕಡೆಯಿಂದ ಕಬ್ಬಿನ ಬಿಳಿ ಉಣ್ಣೆ ಹೇನು ಬಂದದ್ದು ನೆನಪಿದೆಯಲ್ಲ? ಆಳೆತ್ತರದ ಕಬ್ಬಿನಲ್ಲಿ ಔಷಧ ಹೊಡೆದು ಸೋತೆವು. ಅದನ್ನು ಹತೋಟಿಗೆ ತಂದವು ಡೈಫಾ, ಮೈಕ್ರೋಮಸ್ ಎಂಬ, ನಾವು ಹೆಸರೂ ಕೇಳದಿದ್ದ ಹುಳಗಳು. ಆ ಪಾಠ ಮರೆಯಬಾರದು.

ಮುಧೋಳದ ಬೇಟೆನಾಯಿಯನ್ನೂ ಹಿಂದೆ ನಾವು ಕುರಿ ಹಿಂದಿನ ನಾಯಿ ಅಂತಲೇ ಎಣಿಸಿದ್ದೆವು. 2005ರಲ್ಲಿ ಅದು ಅಂಚೆಚೀಟಿಯ ಮೇಲೆ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ಜೇಡಕ್ಕೆ ಅಂಚೆಚೀಟಿ ಬೇಡ. ಬೀಳಗಿಯ ಎರೆಹೊಲದಲ್ಲಾಗಲಿ, ಮುಧೋಳದ ಕಬ್ಬಿನಲ್ಲಾಗಲಿ ಒಂದು ಒಡ್ಡು ಬಿಟ್ಟರೆ ಸಾಕು.

ನನ್ನ ಒಡ್ಡಿನಲ್ಲಿ ಈಗ ನಾಲ್ಕು ಬಿಲ ಇವೆ. ಅಂದು ಕಡಿಸಿಕೊಂಡ ಹೆಣ್ಣುಮಗಳು ಈಗಲೂ ನಮ್ಮಲ್ಲೇ ಕೆಲಸಕ್ಕೆ ಬರುತ್ತಾಳೆ. ಮೊನ್ನೆ ಹೊಸ ಆಳೊಬ್ಬ ಬಿಲಕ್ಕೆ ಗುದ್ದಲಿ ಎತ್ತಿದ್ದ. ತಡೆದವಳು ಆಕೆಯೇ: "ಬಿಡಪ್ಪಾ, ಅದರದೇನೂ ತಪ್ಪಿಲ್ಲ."